ಹಸು ಅಂದರೂ ಸರಿ, ಅಸು ಅಂದರೂ ಸರಿ

ತೇಜಶ್ರೀ ಮಾತು ನಿಲ್ಲಿಸಿದ್ದು ಭಾನುಪ್ರಿಯಾಗೆ ಕೂಡಲೇ ಗೊತ್ತಾಗಲಿಲ್ಲ. ಗೊತ್ತಾಗುವಷ್ಟು ಪುರುಸೊತ್ತೂ ಆ ದಿನಗಳಲ್ಲಿ ಅವಳಿಗೆ ಇರಲಿಲ್ಲ. ಶಾಂತಿಗ್ರಾಮದಲ್ಲಿ ಬಸ್ಸಿಳಿದು ಒಳಕ್ಕೆ ಹೋದರೆ ಸಿಗುವ ತೊರೆಕೊಪ್ಪಲಿನ ಸರ್ಕಾರಿ ಶಾಲೆಗೆ ಆಗಷ್ಟೇ ಟ್ಯಾಬುಗಳು ಬಂದಿದ್ದವು. ಒಂದನೇ ಕ್ಲಾಸಿನಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುವವಳು ಅವಳೇ. ಯಾವ ಟ್ಯಾಬು ಚಾರ್ಜ್ ಆಗಿದೆ, ಯಾವುದು ಆಗಿಲ್ಲ, ಯಾವ ಮಗು ಯಾವ ಮಗುವಿನ ಕೈಯಿಂದ ಕಿತ್ತುಕೊಂಡಿತು ಅನ್ನುವುದನ್ನು ನೋಡುವುದರಲ್ಲೇ ಅವಳ ಬೆಳಗು ಕಳೆದುಹೋಗುತ್ತಿತ್ತು.

ಟ್ಯಾಬು ತರಿಸಿದವರು ಶಾಲಾ ಸಮಿತಿಯ ಅಧ್ಯಕ್ಷ ಪುಟ್ಟಸ್ವಾಮಿಗೌಡರು. ಊರಿನಲ್ಲಿ ದೊಡ್ಡ ಜಮೀನುದಾರರು, ಮಾತು ಜೋರು, ಮನಸ್ಸು ಮೆತ್ತಗೆ. ಅಕ್ಕಪಕ್ಕದ ಊರುಗಳ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುವುದನ್ನು ನೋಡಿ ಅವರಿಗೆ ಒಳಗೊಳಗೇ ಉರಿಯುತ್ತಿತ್ತು. ಯಾರನ್ನೋ ಹಿಡಿದು, ಯಾವುದೋ ಸಂಸ್ಥೆಯ ಬಾಗಿಲು ಬಡಿದು, ಕೊನೆಗೂ ತಂದಿದ್ದರು. ಪೆಟ್ಟಿಗೆ ಒಡೆದ ದಿನ ಅವರೇ ಮುಂದೆ ನಿಂತು, "ನಮ್ಮ ಮಕ್ಕಳೇನು ಕಮ್ಮಿ ಇಲ್ಲ ಕಣ್ರಪ್ಪಾ, ನೋಡ್ಕಳಿ" ಅಂದಿದ್ದರು.

ಟ್ಯಾಬಿನೊಳಗೆ ಒಂದು ಗಿಳಿ ಇತ್ತು. ಅದು ಚಿತ್ರ ತೋರಿಸಿ, ಕೆಳಗೆ ಪದ ಬರೆದು, ಓದು ಅನ್ನುತ್ತಿತ್ತು. ಮಗು ಗಟ್ಟಿಯಾಗಿ ಓದಿದರೆ ಕೇಳಿಸಿಕೊಳ್ಳುತ್ತಿತ್ತು. ಸರಿಯಾದರೆ ಹಸಿರು ಬಣ್ಣ, ರೆಕ್ಕೆ ಬಡಿತ. ತಪ್ಪಾದರೆ ಪರದೆಯೆಲ್ಲ ಕೆಂಪು. ಆಮೇಲೆ ಒಂದು ಮೆಲುದನಿ: "ಮತ್ತೊಮ್ಮೆ ಪ್ರಯತ್ನಿಸಿ."

ಮೂರನೇ ಕ್ಲಾಸಿನ ತೇಜಶ್ರೀ ಆ ಕೋಣೆಯ ರೇಡಿಯೋ ಇದ್ದ ಹಾಗೆ. ಬೆಳಗ್ಗೆ ಒಳಗೆ ಕಾಲಿಟ್ಟವಳೇ ಅಜ್ಜಿಯ ಮನೆಯ ಸುದ್ದಿ ಶುರುಮಾಡುತ್ತಿದ್ದಳು. ಕರು ಹಗ್ಗ ಬಿಚ್ಚಿಕೊಂಡಿದ್ದು, ನಾಯಿ ಡೈರಿಯವನನ್ನು ಅಟ್ಟಿಸಿಕೊಂಡು ಹೋಗಿದ್ದು, ಎಲ್ಲಕ್ಕೂ ಕೈ ಕುಣಿಸಿ, ಕಣ್ಣು ಅಗಲಿಸಿ, ನಡುನಡುವೆ ಬೇರೆ ಬೇರೆಯವರ ದನಿ ಹಾಕಿ ಹೇಳುವಳು. ಒಂದನೇ ಕ್ಲಾಸಿನ ಚಿಕ್ಕವು ಅವಳ ಸುತ್ತ ಮುತ್ತಿಕೊಂಡು ಕೂರುತ್ತಿದ್ದವು. ಓದುವುದರಲ್ಲೂ ಮುಂದು. ಅಂಥವಳು ಈಗ ಮೂಲೆಯಲ್ಲಿ ಕೂತು ಸ್ಲೇಟಿನ ಮೇಲೆ ಗೆರೆ ಎಳೆಯುತ್ತಿದ್ದಳು. ಟ್ಯಾಬು ಕೊಟ್ಟರೆ ಪಕ್ಕದವಳಿಗೆ ದಾಟಿಸುತ್ತಿದ್ದಳು. ಕೆಲವು ಮಕ್ಕಳು ಅವಳನ್ನು ನೋಡಿದಾಗಲೆಲ್ಲ ಗಿಳಿಯ ದನಿಯಲ್ಲೇ "ಮತ್ತೊಮ್ಮೆ ಪ್ರಯತ್ನಿಸಿ" ಅನ್ನುತ್ತಿದ್ದರು. ಅದನ್ನು ಕೇಳಿಯೂ ಭಾನುಪ್ರಿಯಾ ಮಕ್ಕಳಾಟ ಅಂದುಕೊಂಡಿದ್ದಳು.

ಕಣ್ಣು ತೆರೆಸಿದ್ದು ರಜನೀಶನ ಫೋನು. ರಜನೀಶ ಟ್ಯಾಬು ಕೊಟ್ಟ ಸಂಸ್ಥೆಯವನು, ಹಾಸನದಲ್ಲಿ ಕೂತು ಸುತ್ತಲಿನ ತಾಲ್ಲೂಕುಗಳ ಶಾಲೆಗಳನ್ನು ನೋಡಿಕೊಳ್ಳುವ ಹುಡುಗ. ಒಳ್ಳೆಯವನೇ, ಆದರೆ ಪರದೆಯ ಮೇಲೆ ಬಂದದ್ದೇ ಅವನಿಗೆ ವೇದ.

"ಮೇಡಂ, ನಿಮ್ಮ ಶಾಲೆ ಓದು ಸ್ವಲ್ಪ ಹಿಂದಿದೆ. ಅದರಲ್ಲೂ ತೇಜಶ್ರೀ ಅನ್ನೋ ಮಗು ಪೂರ್ತಿ ಕೆಂಪಲ್ಲಿದೆ. ಅಕ್ಷರಾನೇ ಗೊತ್ತಿಲ್ಲ ಅಂತ ತೋರಿಸ್ತಾ ಇದೆ. ಅವಳನ್ನ ಒಂದನೇ ಕ್ಲಾಸಿನ ಅಕ್ಷರಮಾಲೆಗೆ ಹಾಕಿಬಿಡಿ."

"ತೇಜಶ್ರೀಗೆ ಅಕ್ಷರ ಗೊತ್ತಿಲ್ವಾ?" ಭಾನುಪ್ರಿಯಾಗೆ ನಗು ಬಂತು. "ಅವಳು ಗೋಡೆ ಮೇಲಿನ ಪೋಸ್ಟರನ್ನೂ ಬಿಡದೆ ಓದ್ತಾಳೆ ರಜನೀಶ್."

"ಇರಬಹುದು ಮೇಡಂ. ಆದ್ರೆ ಟ್ಯಾಬು ಅವಳ ಓದು ಕೇಳಿಸ್ಕೊಂಡೇ ಹೇಳೋದು."

ನಗು ಅಲ್ಲಿಗೇ ನಿಂತಿತು. ಮಧ್ಯಾಹ್ನ ಅವಳು ತೇಜಶ್ರೀಯನ್ನು ಹತ್ತಿರ ಕೂರಿಸಿಕೊಂಡು ಪುಸ್ತಕ ಬಿಡಿಸಿ, ಓದವ್ವ ಅಂದಳು. ಹುಡುಗಿ ಪುಟವನ್ನೇ ನೋಡಿದಳು. ತುಟಿ ಅಲುಗಿತು, ದನಿ ಬರಲಿಲ್ಲ. ಮಾರನೆಯ ದಿನ ಶಾಲೆಗೇ ಬರಲಿಲ್ಲ. ಅದರ ಮಾರನೆಯ ದಿನವೂ.

ಶಾಲೆ ಬಿಟ್ಟ ಮೇಲೆ ಭಾನುಪ್ರಿಯಾ ಬಸ್ಸು ಹಿಡಿಯದೆ ಕೆಳಗಿನ ಬೀದಿಗೆ ನಡೆದಳು. ತೇಜಶ್ರೀಯ ಅಜ್ಜಿ ಮಾಯಮ್ಮ ಕೊಟ್ಟಿಗೆಯಲ್ಲಿದ್ದವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಚಾಪೆ ಹಾಸಿದಳು. ಒಳಗಿನ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ತೇಜಶ್ರೀಯ ಅಪ್ಪ ಅಮ್ಮನ ಮದುವೆ ಫೋಟೋ. ಅವರಿಬ್ಬರೂ ಕೂಲಿಯಿಂದ ಇನ್ನೂ ಬಂದಿರಲಿಲ್ಲ.

"ಒಟ್ಟೆನೋವು ಅಂತಾಳೆ ಮೇಷ್ಟ್ರಮ್ಮ," ಅಂದಳು ಮಾಯಮ್ಮ. "ರೊಟ್ಟಿ ಮಾತ್ರ ಎಲ್ಡು ತಿಂತಾಳೆ. ಅದೆಂಥ ಒಟ್ಟೆನೋವೋ ನಂಗಂತೂ ಗೊತ್ತಾಗ್ಲಿಲ್ಲ."

ತೇಜಶ್ರೀ ಕಂಬದ ಹಿಂದೆ ನಿಂತಿದ್ದಳು. ಭಾನುಪ್ರಿಯಾ ಅವಳನ್ನು ಕರೆದು ಪಕ್ಕ ಕೂರಿಸಿಕೊಂಡಳು. ಕೆದರಿದ್ದ ಅವಳ ಜಡೆ ಬಿಚ್ಚಿ ಹೆಣೆಯತೊಡಗಿದಳು. ಆಮೇಲೆ ಹುಡುಗಿಯೇ ನೆಲ ನೋಡಿಕೊಂಡು ಹೇಳಿದಳು.

"ಮಿಸ್, ನಂಗೆ ಮಾತಾಡಕ್ಕೆ ಬರಲ್ಲ."

"ಯಾರು ಹೇಳಿದ್ದು?"

"ಗಿಳಿ. ನಾನು ಅಸು ಅಂದ್ರೆ ಕೆಂಪು ಬತ್ತದೆ. ಆಲು ಅಂದ್ರೂ ಕೆಂಪು. ಊವು ಅಂದ್ರೂ ಕೆಂಪು. ಮರ ಅಂದ್ರೆ ಮಾತ್ರ ಅಸುರು ಬತ್ತದೆ. ಎಷ್ಟು ಸಲ ಯೇಳಿದ್ರೂ ಅಷ್ಟೆ."

ಮಾಯಮ್ಮನಿಗೆ ಸಿಟ್ಟು ಬಂತು. "ಅಸೂನ ಅಸು ಅನ್ನದೆ ಎಮ್ಮೆ ಅನ್ನಕ್ಕಾಯ್ತದಾ? ಕಣ್ಣು ಕಾಣಲ್ವಾ ಅದಕ್ಕೆ?"

ಭಾನುಪ್ರಿಯಾಳ ಕಿವಿ ಬಿಸಿಯಾಗಿತ್ತು. ಅರಕಲಗೂಡಿನ ಕಡೆಯ ಹಳ್ಳಿಯಲ್ಲಿ ಬೈರಯ್ಯನ ಮಗಳಾಗಿ ಹುಟ್ಟಿದ ಅವಳಿಗೂ ಹಸು ಅಸುವೇ ಆಗಿತ್ತು, ಹೊಲ ವಲವೇ ಆಗಿತ್ತು. ಹೊಳೆನರಸೀಪುರದಲ್ಲಿ ಶಿಕ್ಷಕರ ತರಬೇತಿಗೆ ಸೇರಿದ ಮೊದಲ ವಾರವೇ ಪಾಠ ಓದಲು ಎದ್ದು ನಿಂತಾಗ ಇಡೀ ತರಗತಿ ನಕ್ಕಿತ್ತು. ಆ ವರ್ಷವೆಲ್ಲ ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ಹ ಅನ್ನುವುದನ್ನು ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಅಪ್ಪನಿಗೆ ಫೋನು ಮಾಡಿದಾಗಲೂ ಅವಳ ಬಾಯಿಂದ ಅದು ಜಾರುತ್ತಿರಲಿಲ್ಲ. ಬೈರಯ್ಯ ಒಮ್ಮೆ, "ನೀನು ಯಾರೋ ಆಪೀಸರ್ ಮಾತಾಡ್ದಂಗೆ ಮಾತಾಡ್ತೀಯ ಕಣವ್ವ" ಅಂದಿದ್ದರು. ಹೆಮ್ಮೆಯಿಂದ ಅಂದರೋ ಬೇಸರದಿಂದ ಅಂದರೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ತಾನೇ ಇಷ್ಟೆಲ್ಲ ಅನುಭವಿಸಿದವಳು, ಕಣ್ಣೆದುರಿಗೆ ಮಗು ಬಾಡುತ್ತಿದ್ದರೂ ಯಾಕೆ ಅಂತ ಹೊಳೆಯಲಿಲ್ಲವಲ್ಲ ಅನ್ನುವುದು ಅವಳನ್ನು ಚುಚ್ಚಿತು.

"ನಾಳೆ ಬೇಗ ಬಾ," ಅಂದಳು. "ಎಲ್ಲರೂ ಬರೋದಕ್ಕಿಂತ ಮುಂಚೆ. ನಿಂಗೊಂದು ತೋರಿಸ್ತೀನಿ."

ತೇಜಶ್ರೀ ಬಂದಳು. ಭಾನುಪ್ರಿಯಾ ಟ್ಯಾಬು ತೆರೆದು ತೊಡೆಯ ಮೇಲಿಟ್ಟುಕೊಂಡಳು. ಗಿಳಿ ಹಸುವಿನ ಚಿತ್ರ ತೋರಿಸಿತು.

"ಅಸು," ಅಂದಳು ಭಾನುಪ್ರಿಯಾ. ಆ ಪದವನ್ನು ಹಾಗೆ ಹೇಳಿ ವರ್ಷಗಳಾಗಿದ್ದವು. ನಾಲಿಗೆಯ ಮೇಲೆ ಅದು ತವರಿನ ಊಟದ ಹಾಗೆ ಕೂತಿತು.

ಪರದೆ ಕೆಂಪಾಯಿತು. ಮತ್ತೊಮ್ಮೆ ಪ್ರಯತ್ನಿಸಿ.

ತೇಜಶ್ರೀ ಬಾಯಿ ತೆರೆದು ನೋಡಿದಳು. "ಮಿಸ್, ನಿಮಗೂ ಬರಲ್ವಾ?"

"ಆಲು," ಅಂದಳು ಭಾನುಪ್ರಿಯಾ. ಕೆಂಪು. "ಊವು." ಕೆಂಪು. ಹುಡುಗಿ ಮೊದಲು ತುಟಿ ಬಿಗಿಹಿಡಿದಳು, ಆಮೇಲೆ ತಡೆಯಲಾರದೆ ನಕ್ಕಳು. ಎಷ್ಟೋ ದಿನದ ಮೇಲಿನ ನಗು.

"ನೋಡು ತೇಜೂ, ಪಾಪ ಇದಕ್ಕೆ ಒಂದೇ ಥರದ ಕನ್ನಡ ಬರೋದು. ಅದನ್ನ ಮಾಡಿದೋರು ಅಷ್ಟೇ ಕಲ್ಸಿರೋದು. ನಂಗೆ ಎರಡು ಥರ ಬರುತ್ತೆ. ಮನೇಲಿ ಅಸು, ಪುಸ್ತಕದಲ್ಲಿ ಹಸು. ನಿಂಗೂ ಎರಡೂ ಬಂದ್ರೆ ಯಾರು ಜಾಣರು, ನೀನೋ ಗಿಳಿನೋ?"

ತೇಜಶ್ರೀ ಯೋಚಿಸಿದಳು. "ನಾನೇ," ಅಂದಳು.

ಅವತ್ತೇ ಭಾನುಪ್ರಿಯಾ ರಜನೀಶನಿಗೆ ಫೋನು ಮಾಡಿದಳು. ಅವನು ಸಮಾಧಾನವಾಗಿಯೇ ಕೇಳಿಸಿಕೊಂಡ. "ಆದ್ರೆ ಮೇಡಂ, ಅಸು ಅಂದ್ರೆ ಪ್ರಾಣ ಅಂತ ಅರ್ಥ ಬರುತ್ತಲ್ಲ. ತಪ್ಪು ತಪ್ಪೇ ಅಲ್ವಾ? ಇದನ್ನೆಲ್ಲ ಬೆಂಗಳೂರಲ್ಲಿ ಸೆಟ್ ಮಾಡಿರ್ತಾರೆ, ನನ್ನ ಕೈಲಿಲ್ಲ. ಮಗೂಗೆ ಉಚ್ಚಾರಣೆ ತಿದ್ದಿ."

"ತಿದ್ದೋದಲ್ಲ, ಕಲಿಸ್ತೀನಿ. ಹ ಕಲಿಸೋದು ನನ್ನ ಕೆಲಸ, ಮಾಡ್ತೀನಿ. ಆದ್ರೆ ಅವಳಿಗೆ ಓದಕ್ಕೆ ಬರಲ್ಲ ಅಂತ ಬರೆಯೋದು ಸುಳ್ಳು. ಓದೋದೇ ಬೇರೆ, ಉಸಿರು ಬಿಡೋದೇ ಬೇರೆ. ನೀವು ಇಲ್ಲಿಗೆ ಬಂದು ಒಂದ್ಸಲ ಕಿವಿಯಾರೆ ಕೇಳಿ."

ಅವನು ಬರುತ್ತೇನೆ ಅಂದ. ಹೇಗೂ ಸ್ವಲ್ಪ ದಿನಗಳಲ್ಲೇ ಶಿಕ್ಷಣಾಧಿಕಾರಿಯವರನ್ನು ಕರೆದುಕೊಂಡು ಶಾಲೆಗಳನ್ನು ತೋರಿಸುವುದಿತ್ತು.

ಅಲ್ಲಿಂದ ಆ ಕೋಣೆಯಲ್ಲಿ ಶುರುವಾದದ್ದು ಒಂದು ಗಲಾಟೆ. ಬಿಸಿಯೂಟದ ಸ್ಟೀಲ್ ತಟ್ಟೆಗಳನ್ನು ಭಾನುಪ್ರಿಯಾ ಬೆಳಗಿನ ಚಳಿಯಲ್ಲಿ ಎಲ್ಲರ ಕೈಗೂ ಕೊಟ್ಟಳು. ತಟ್ಟೆಯನ್ನು ಬಾಯಿಯ ಹತ್ತಿರ ಹಿಡಿದು ಅ ಅಂದರೆ ತಟ್ಟೆ ಹಾಗೇ ಇರುತ್ತದೆ. ಹ ಅಂದರೆ ಮಂಜು ಕೂರುತ್ತದೆ. ಮಂಜು ಕೂತರೆ ಪುಸ್ತಕದ ಮಾತು, ಕೂರದಿದ್ದರೆ ಮನೆ ಮಾತು. ಮಕ್ಕಳು ತಟ್ಟೆಗೆ ಹ ಹ ಅಂತ ಊದಿ ಊದಿ ಸುಸ್ತಾದರು. ಮನೆಗೆ ಹೋಗಿ ಅಪ್ಪ ಅಮ್ಮನ ಬಾಯಿಗೂ ತಟ್ಟೆ ಹಿಡಿದರು.

ಕಲಿತ ಮೇಲೆ ಬಿಡಬೇಕಲ್ಲ. ಹ ಎಲ್ಲೆಂದರಲ್ಲಿ ನುಗ್ಗಿತು. ಅಕ್ಕ ಹಕ್ಕ ಆದಳು, ಆನೆ ಹಾನೆ ಆಯಿತು. ಮಧ್ಯಾಹ್ನ ಊಟದ ಸಾಲಿನಲ್ಲಿ ಒಂದನೇ ಕ್ಲಾಸಿನವನೊಬ್ಬ ಅಡುಗೆಯ ಸುಬ್ಬಮ್ಮನಿಗೆ, "ಇನ್ನೊಂಚೂರು ಹನ್ನ ಆಕು" ಅಂದ. ಬೇಕಾದ ಕಡೆ ಬಿಟ್ಟು, ಬೇಡದ ಕಡೆ ಹಾಕಿದ್ದ. ಸುಬ್ಬಮ್ಮ ಸೌಟು ಹಿಡಿದುಕೊಂಡೇ ನಕ್ಕಳು. ಗಿಳಿಯಂತೂ ಹಾನೆಗೂ ಕೆಂಪು ತೋರಿಸಿತು. ತೇಜಶ್ರೀ ಮಾತ್ರ ಎಲ್ಲಿ ಉಸಿರು ಬೇಕು, ಎಲ್ಲಿ ಬೇಡ ಅನ್ನುವುದನ್ನು ಬೇಗ ಹಿಡಿದಳು. ಕಿವಿ ಚುರುಕಾಗಿತ್ತು. ಬೇರೆಯವರ ದನಿ ಹಾಕಿ ಕತೆ ಹೇಳಿದವಳಿಗೆ ಪುಸ್ತಕದ ದನಿ ಯಾವ ಲೆಕ್ಕ? ಅವಳು ಅದನ್ನೂ ಒಂದು ಪಾತ್ರ ಮಾಡಿಕೊಂಡಳು.

ಅದೇ ಸಮಯದಲ್ಲಿ ಭಾನುಪ್ರಿಯಾಗೆ ಟ್ಯಾಬಿನೊಳಗೆ ಇನ್ನೊಂದು ಜಾಗ ಸಿಕ್ಕಿತು. 'ನಮ್ಮ ಪಾಠ' ಅಂತ ಅದರ ಹೆಸರು. ಟೀಚರು ತಾವೇ ದನಿ ರೆಕಾರ್ಡ್ ಮಾಡಿ, ಅಕ್ಷರ ಬರೆದು ಹಾಕಬಹುದಿತ್ತು. ಯಾರೂ ಅದನ್ನು ಬಳಸಿದಂತೆ ಕಾಣಲಿಲ್ಲ.

"ತೇಜೂ, ಒಂದು ಕತೆ ಹೇಳು. ಮನೆ ಮಾತಲ್ಲೇ ಹೇಳು."

ತೇಜಶ್ರೀ ಅಜ್ಜಿಯ ಹುಂಜದ ಕತೆ ಹೇಳಿದಳು. ಮಾಯಮ್ಮನ ಹುಂಜ ಒಂದು ಬೆಳಗ್ಗೆ ಯಾರಿಗೂ ಹೇಳದೆ ಹಾಲಿನ ಟೆಂಪೋ ಹತ್ತಿ, ಕ್ಯಾನುಗಳ ಮಧ್ಯೆ ಕೂತು, ಹಾಸನ ನೋಡಿಕೊಂಡು ಸಂಜೆಗೆ ಅದೇ ಟೆಂಪೋದಲ್ಲಿ ವಾಪಸ್ಸು ಬಂದದ್ದು. ಬಂದ ಮೇಲೆ ಕೋಳಿಗಳ ಮುಂದೆ ಎದೆ ಉಬ್ಬಿಸಿಕೊಂಡು ಓಡಾಡಿದ್ದು. "ನಮ್ಮಜ್ಜಿ ಉಂಜ ಆಲಿನ್ ಟೆಂಪೋ ಅತ್ಬುಟ್ಟು ಆಸನಕ್ಕೋಯ್ತು" ಅಂತ ಶುರುವಾದ ಕತೆ ಮುಗಿಯುವ ಹೊತ್ತಿಗೆ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಭಾನುಪ್ರಿಯಾ ಅದನ್ನು ಅವಳು ಹೇಳಿದ ಹಾಗೇ ಬರೆದು ಹಾಕಿದಳು. ಕೆಳಗೆ ಪುಸ್ತಕದ ಮಾತಿನಲ್ಲೂ ಬರೆದಳು.

ಆಮೇಲೆ ನಡೆದದ್ದನ್ನು ಅವಳು ಎಣಿಸಿರಲಿಲ್ಲ. ಆವರೆಗೆ ಓದು ಅಂದರೆ ಕಿಟಕಿ ಕಡೆ ನೋಡುತ್ತಿದ್ದ ಮಕ್ಕಳೂ ಟ್ಯಾಬಿಗೆ ಕಿವಿ ಕೊಟ್ಟು, ಅಕ್ಷರದ ಮೇಲೆ ಬೆರಳಿಟ್ಟು ಹುಂಜದ ಹಿಂದೆಯೇ ಹೊರಟರು. ಕತೆ ಬಾಯಿಗೆ ಬಂತು, ಬಾಯಿಗೆ ಬಂದದ್ದು ಕಣ್ಣಿಗೂ ಬಂತು. ಒಬ್ಬೊಬ್ಬರಾಗಿ ಬಂದು, "ಮಿಸ್, ನಮ್ಮನೇದೂ ಒಂದು ಕತೆ ಐತೆ" ಅನ್ನತೊಡಗಿದರು. ತೇಜಶ್ರೀಯನ್ನು ನೋಡಿ ಗಿಳಿಯ ಮಾತು ಆಡುವುದು ನಿಂತುಹೋಯಿತು.

ಅಧಿಕಾರಿ ಬರುವ ದಿನ ಪುಟ್ಟಸ್ವಾಮಿಗೌಡರು ಇಸ್ತ್ರಿ ಪಂಚೆ ಉಟ್ಟು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದರು. ಹಾಸನದಿಂದ ಬಂದ ಅಧಿಕಾರಿ ಗಂಭೀರ ಮುಖದ ಹೆಂಗಸು. ರಜನೀಶ ಅವರಿಗೆ ಪರದೆಯ ಕೆಂಪು, ಹಸಿರುಗಳನ್ನೆಲ್ಲ ವಿವರಿಸುತ್ತಿದ್ದ. ಗೌಡರಿಗೆ ಸುಮ್ಮನೆ ಕೂರಲಾಗಲಿಲ್ಲ.

"ಮೇಡಮ್ನೋರೆ, ಇದು ಬಾಳ ಸಲೀಸು. ನಮ್ಮಂತೋರೂ ಮಾಡ್ಬೋದು, ನೋಡಿ," ಅಂತ ಒಂದು ಟ್ಯಾಬನ್ನು ಕೈಗೆತ್ತಿಕೊಂಡರು. ಊರುಗಳ ಹೆಸರಿನ ಪಾಠ ತೆರೆಯಿತು. ಗಿಳಿ ಹಾಸನ ಅಂತ ಬರೆದು ತೋರಿಸಿತು.

"ಆಸನ," ಅಂದರು ಗೌಡರು, ಗಟ್ಟಿಯಾಗಿ.

ಪರದೆ ಕೆಂಪಾಯಿತು. ಗಿಳಿ "ನೀವು ಹೇಳಿದ್ದು: ಆಸನ" ಅಂತ ಬರೆದು, ಕೆಳಗೆ ಒಂದು ಕುರ್ಚಿಯ ಚಿತ್ರ ತೋರಿಸಿತು.

ಗೌಡರು ಕುರ್ಚಿಯನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ಹೇಳಿದರು. ಮತ್ತೆ ಕುರ್ಚಿ. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದವು. ರಜನೀಶ ನೆಲ ನೋಡಿದ. ಗೌಡರ ಮುಖ ಒಂದು ಕ್ಷಣ ಬಿಗಿದು, ಆಮೇಲೆ ಅವರು ಟ್ಯಾಬನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ನಾನು ಉಟ್ಟಿದಾಗಿಂದ ಆಸನಕ್ಕೆ ಓಗಿ ಬತ್ತಾ ಇವ್ನಿ ಕಣಪ್ಪಾ ರಜನೀಶ. ಯಾವ ಕಂಡಕ್ಟರೂ ನಂಗೆ ಕುರ್ಚಿ ತಂದ್ಕೊಟ್ಟಿಲ್ಲ. ಟಿಕೇಟೇ ಕೊಟ್ಟವ್ನೆ."

ಮೊದಲು ನಕ್ಕವರು ಅಧಿಕಾರಿಯೇ. ಗಂಭೀರ ಮುಖ ಒಡೆದು ನಗು ಬಂದ ಮೇಲೆ ಯಾರಿಗೂ ತಡೆ ಇರಲಿಲ್ಲ. ನಗು ನಿಲ್ಲುವುದರೊಳಗೆ ಮುಂದಿನ ಸಾಲಿನಿಂದ ತೇಜಶ್ರೀ ಎದ್ದು ಬಂದಿದ್ದಳು, ಕೈಯಲ್ಲಿ ತಟ್ಟೆ.

"ಗೌಡ್ರೇ, ಇದರ ಮೇಲೆ ಉಸ್ರು ಬಿಟ್ಟಂಗೆ ಅನ್ನಿ. ಮಂಜು ಕುಂತ್ರೆ ಅದಕ್ಕೆ ತಿಳೀತದೆ. ಅದಕ್ಕೆ ಮನೆ ಮಾತು ಬರಲ್ಲ, ಪುಸ್ತಕದ್ದು ಮಾತ್ರ ಬತ್ತದೆ."

ಗೌಡರು ಅವಳ ಕೈಯಿಂದ ತಟ್ಟೆ ತೆಗೆದುಕೊಂಡರು. ಕೆಳಗಿನ ಬೀದಿಯ ಮಗುವಿನ ಮುಂದೆ ಅಷ್ಟು ಜನರ ನಡುವೆ ಪಾಠ ಹೇಳಿಸಿಕೊಳ್ಳುವುದು ಅವರಿಗೆ ಹೇಗನ್ನಿಸಿತೋ, ಆದರೆ ಅವರು ಊದಿದರು. ಎರಡು ಸಲ ಊದಿ, ಮಂಜು ನೋಡಿ, ಟ್ಯಾಬಿಗೆ ಬಾಯಿ ಹತ್ತಿರ ತಂದು, "ಹಾಸನ" ಅಂದರು. ಹಸಿರು ಬಂತು. ಗಿಳಿ ರೆಕ್ಕೆ ಬಡಿಯಿತು. ಮಕ್ಕಳು ಚಪ್ಪಾಳೆ ತಟ್ಟಿದವು.

"ಈ ಮಗು ಯಾರು?" ಅಂತ ಕೇಳಿದರು ಅಧಿಕಾರಿ.

"ತೇಜಶ್ರೀ ಮೇಡಂ," ಅಂದಳು ಭಾನುಪ್ರಿಯಾ. "ಅಕ್ಷರ ಗೊತ್ತಿಲ್ಲ ಅಂತ ಕೆಂಪಲ್ಲಿ ತೋರಿಸ್ತಿದ್ದ ಮಗು."

ಅಧಿಕಾರಿ ತಮ್ಮ ಚೀಲದಿಂದ ಅವತ್ತಿನ ಪೇಪರ್ ತೆಗೆದು, ಯಾವುದೋ ಸುದ್ದಿಗೆ ಬೆರಳಿಟ್ಟು ಕೊಟ್ಟರು. ತೇಜಶ್ರೀ ಒಮ್ಮೆ ಮಿಸ್ ಕಡೆ ನೋಡಿದಳು. ಭಾನುಪ್ರಿಯಾ ತಲೆಯಾಡಿಸಿದಳು. ಹುಡುಗಿ ಓದಿದಳು. ಬೂವನಹಳ್ಳಿಯ ವಿಮಾನ ನಿಲ್ದಾಣದ ಸುದ್ದಿ. ಕಷ್ಟದ ಒತ್ತಕ್ಷರಗಳ ಹತ್ತಿರ ಒಂಚೂರು ನಿಂತು, ಬಿಡಿಸಿಕೊಂಡು, ಮತ್ತೆ ಹೊರಟಳು. ಹ ಬಂದಲ್ಲೆಲ್ಲ ಉಸಿರು ಸರಿಯಾಗಿ ಬಂತು. ರಜನೀಶ ಟ್ಯಾಬನ್ನು ಅವಳ ಪಕ್ಕ ಹಿಡಿದಿದ್ದ. ಕೊನೆಕೊನೆಗೆ ಅವನು ಪರದೆ ನೋಡುವುದನ್ನೇ ಬಿಟ್ಟು ಅವಳ ಮುಖ ನೋಡುತ್ತಿದ್ದ.

ಆಮೇಲೆ ಹುಂಜದ ಕತೆ ಆಯಿತು, ಮನೆ ಮಾತಿನಲ್ಲಿ, ಕೈ ಕುಣಿಸಿಕೊಂಡು. ಕತೆ ಮುಗಿದಾಗ ರಜನೀಶ ಭಾನುಪ್ರಿಯಾ ಹತ್ತಿರ ಬಂದ.

"ನಮ್ಮಜ್ಜಿ ಚನ್ನರಾಯಪಟ್ಟಣದೋರು ಮೇಡಂ. ಅವರು ಮಾತಾಡೋದೂ ಹೀಗೇ. ಇದರ ಮುಂದೆ ಅವರನ್ನ ಕೂರಿಸಿದ್ರೆ ಬೆಳಗಿಂದ ಸಂಜೆ ತನಕ ಕೆಂಪೇ." ಕೈಯಲ್ಲಿದ್ದ ಟ್ಯಾಬನ್ನು ಆರಿಸಿ ಅಂದ, "ಬೆಂಗಳೂರಿನೋರಿಗೆ ನಾನು ಹೇಳ್ತೀನಿ. ಬರೀ ಹೇಳಿದ್ರೆ ಆಗಲ್ಲ, ದನಿ ಬೇಕು. ಊರಿನೋರ ದನಿ ಕೊಡಿಸ್ತೀರಾ?"

ದನಿಗೇನು ಬರ ಆ ಊರಿನಲ್ಲಿ? ಶನಿವಾರ ಮಧ್ಯಾಹ್ನ ಶಾಲೆಯ ಜಗಲಿಯ ಮೇಲೆ ಒಂದು ಬೆಂಚು ಹಾಕಿದರು. ಗೌಡರ ಬೀದಿಯವರೂ ಕೆಳಗಿನ ಬೀದಿಯವರೂ ಬಂದರು. ಒಂದೇ ಬೆಂಚಿನ ಮೇಲೆ ಪುಟ್ಟಸ್ವಾಮಿಗೌಡರೂ ಮಾಯಮ್ಮನೂ ಕೂತು, ರಜನೀಶ ತೋರಿಸಿದ ಚಿತ್ರಗಳಿಗೆ ಒಬ್ಬರಾದ ಮೇಲೊಬ್ಬರು ಅಸು, ಆಲು, ಉಲ್ಲು, ಅಗ್ಗ ಅನ್ನುತ್ತಾ ಹೋದರು. ಇಬ್ಬರ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಗೌಡ್ರು ಮೈಕು ನುಂಗೋರಂಗೆ ಇಡ್ಕಂಡವ್ರೆ," ಅಂದಳು ಮಾಯಮ್ಮ. "ಇತ್ಲಾಗೆ ಕೊಡಿ, ನಾನು ತೋರಿಸ್ತೀನಿ."

ಗೌಡರು ಕೊಟ್ಟರು.

ದನಿಗಳು ಬೆಂಗಳೂರಿಗೆ ಹೋದವು. ಆಮೇಲೆ ಬಹಳ ಕಾಲ ಏನೂ ಆಗಲಿಲ್ಲ. ಪರೀಕ್ಷೆ ಆಯಿತು, ಬೇಸಿಗೆ ರಜೆ ಆಯಿತು. ಹೊಸ ವರ್ಷದ ಪಾಠ ಶುರುವಾಗಿ ಮಳೆ ಹನಿಯುತ್ತಿದ್ದ ಒಂದು ಬೆಳಗ್ಗೆ ರಜನೀಶ ಫೋನು ಮಾಡಿ, "ಮೇಡಂ, ಟ್ಯಾಬು ಅಪ್‌ಡೇಟ್ ಮಾಡಿ, ತೇಜಶ್ರೀ ಕೈಗೇ ಕೊಡಿ" ಅಂದ. ಬೇರೇನೂ ಹೇಳಲಿಲ್ಲ.

ನಾಲ್ಕನೇ ಕ್ಲಾಸಿಗೆ ಹೋಗಿದ್ದ ತೇಜಶ್ರೀಯನ್ನು ಪಕ್ಕದ ಕೋಣೆಯಿಂದ ಕರೆಸಿದರು. ಎಲ್ಲರೂ ಸುತ್ತ ನಿಂತರು. ಹಸುವಿನ ಚಿತ್ರ ಬಂತು. ತೇಜಶ್ರೀ ತಲೆಯೆತ್ತಿ ಮಿಸ್ ಮುಖ ನೋಡಿ, ಬೇಕೆಂದೇ ಮನೆ ಮಾತಿನಲ್ಲಿ ಹೇಳಿದಳು.

"ಅಸು."

ಪರದೆ ಹಸಿರಾಯಿತು. ಗಿಳಿ ರೆಕ್ಕೆ ಬಡಿದು, "ಸರಿ. ಪುಸ್ತಕದಲ್ಲಿ ಇದನ್ನು ಹಸು ಎಂದು ಬರೆಯುತ್ತಾರೆ" ಅಂದಿತು.

ಕೋಣೆಯಲ್ಲಿ ಎದ್ದ ಕೂಗಿಗೆ ಪಕ್ಕದ ಕೋಣೆಯಿಂದ ಹೆಡ್‌ಮಾಸ್ಟರು ಸಿದ್ದೇಶ ಓಡಿ ಬಂದರು, ಸುಬ್ಬಮ್ಮ ಒಲೆ ಬಿಟ್ಟು ಬಂದಳು. ಸುದ್ದಿ ಕೇಳಿ ಗೌಡರು ಕೆಸರು ಕಾಲಲ್ಲೇ ಗದ್ದೆಯಿಂದ ಬಂದು, ಹೊರಗೇ ನಿಂತು, ತೇಜಶ್ರೀ ಹಿಡಿದ ಟ್ಯಾಬಿಗೆ ಆಸನ ಅಂದರು. ಕುರ್ಚಿ ಬರಲಿಲ್ಲ, ಹಸಿರು ಬಂತು. ಅವರು ಭಾನುಪ್ರಿಯಾಗೆ ಕೈ ಮುಗಿದು, ಬಂದ ದಾರಿಯಲ್ಲೇ ಗದ್ದೆಗೆ ಹೋದರು. ಭಾನುಪ್ರಿಯಾ ಹಿಂದಿನ ಜಗಲಿಗೆ ಹೋಗಿ ಅಪ್ಪನಿಗೆ ಫೋನು ಹಚ್ಚಿದಳು. "ಅಪ್ಪಾ, ಎಂಗಿದ್ದೀಯ? ವಲದ ಕಡೆ ಮಳೆ ಉಯ್ತಾ?" ಅಂದಳು. ಅತ್ತ ಬೈರಯ್ಯ, "ಉಯ್ತು ಕಣವ್ವ, ಚೆನ್ನಾಗೇ ಉಯ್ತು" ಅಂದರು. ಅವರ ದನಿಯಲ್ಲಿ ಸಂತೋಷ ತುಂಬಿತ್ತು.

ಹುಂಜದ ಕತೆ ಎಲ್ಲ ತಾಲ್ಲೂಕಿನ ಟ್ಯಾಬುಗಳಿಗೂ ಹೋಯಿತು. ಅದನ್ನು ಕೇಳಿದ ಬೇರೆ ಶಾಲೆಯ ಮಕ್ಕಳೂ ತಮ್ಮ ಕತೆ ಕಳಿಸತೊಡಗಿದರು. ಅರಕಲಗೂಡಿನ ಕಡೆಯಿಂದ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯಲ್ಲಿ ಅಡಗಿದ ಬೆಕ್ಕಿನ ಕತೆ, ಹೊಳೆನರಸೀಪುರದಿಂದ ಹೊಳೆಗೆ ಚಪ್ಪಲಿ ಬಿಟ್ಟವನ ಕತೆ, ಜಿನನಾಥಪುರದಿಂದ ಒಂದು ಜಾಣ ಮೇಕೆಯ ಕತೆ. ಶನಿವಾರ ಕೊನೆಯ ಪೀರಿಯಡ್ಡು ಅವನ್ನು ಓದುವ ಹೊತ್ತು. ಓದುವವಳು ತೇಜಶ್ರೀ, ಸುತ್ತ ಕೂರುವವರು ಚಿಕ್ಕ ಮಕ್ಕಳು.

ಒಂದು ಶನಿವಾರ ಬೆಕ್ಕಿನ ಕತೆ ಮುಗಿಸಿ, ಅವಳು ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬು ಗಂಟಿಕ್ಕಿದಳು.

"ಯಾಕವ್ವ, ಚೆನ್ನಾಗಿಲ್ವಾ?" ಅಂದಳು ಭಾನುಪ್ರಿಯಾ.

"ಚೆನ್ನಾಗೈತೆ ಮಿಸ್. ಆದ್ರೆ ಬೆಕ್ಕು ಒಳಗೆ ಎಂಗೋಯ್ತು ಅಂತ ಯೇಳೇ ಇಲ್ಲ ಅವ್ನು. ಬಾಗ್ಲು ಆಕಿತ್ತಲ್ಲ?" ಅಂದವಳು ಮೈಕಿನ ಗುಂಡಿ ಒತ್ತಿ, ಅರಕಲಗೂಡಿನ ಆ ಕಾಣದ ಹುಡುಗನಿಗೆ ಹೇಳತೊಡಗಿದಳು. "ನೋಡು, ನಾನು ತೊರೆಕೊಪ್ಪಲಿನ ತೇಜಶ್ರೀ ಮಾತಾಡ್ತಿರೋದು. ನಿನ್ನ ಕತೇಲಿ ಒಂದು ಬುಟ್ಬುಟ್ಟಿದ್ದೀಯ, ಕೇಳುಸ್ಕೊ."